ಜೋಳಕ್ಕೆ ಬೇಡ ಮೊಳಕೆ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಅಡುಗೆಮನೆಗೆ ಮೊಳಕೆಯೇನೂ ಹೊಸದಲ್ಲ. ಮಡಕಿ ಕಾಳನ್ನೋ ಹೆಸರುಕಾಳನ್ನೋ ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಸಿದು ಅರಿವೆಯಲ್ಲಿ ಕಟ್ಟಿಟ್ಟು, ಮರುದಿನ ಒಗ್ಗರಣೆ ಹಾಕಿದರೆ ರೊಟ್ಟಿಗೆ ಪಲ್ಯ ಸಿದ್ಧ. ಈಚೆಗೆ ಬಂದಿರುವುದು ಬೇರೆ ಹುರುಪು: ಗೋಧಿ, ಸಜ್ಜೆ, ಜೋಳಕ್ಕೇ ಮೊಳಕೆ ಬರಿಸಿ, ಒಣಗಿಸಿ, ಗಿರಣಿಗೆ ಹಾಕಿಸಿ ಆ ಹಿಟ್ಟಿನಲ್ಲಿ ರೊಟ್ಟಿ ಮಾಡುವುದು. ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿತಲ್ಲ, ಆಗೆದ್ದ ಸದ್ದು ಇನ್ನೂ ಇಳಿದಿಲ್ಲ. ಅಮೆರಿಕದವರು ಮೊಳಕೆ ಧಾನ್ಯದ ಬ್ರೆಡ್ಡನ್ನು ಬೈಬಲ್ಲಿನ ಎಜೆಕಿಯೇಲನ ಹೆಸರಿನಲ್ಲೇ ಮಾರುತ್ತಾರೆ. ಹೊಗಳಿಕೆಗಂತೂ ಕೊರತೆಯಿಲ್ಲ. ಅದರಲ್ಲಿ ಹುರುಳೆಷ್ಟು?

ಹುರುಳು ಇದೆ. ಧಾನ್ಯದ ಸಿಪ್ಪೆಯ ಕಡೆ, ಮೊಳಕೆಯ ಕಣ್ಣಿನಲ್ಲಿ ಫೈಟಿಕ್ ಆಮ್ಲ ಇರುತ್ತದೆ. ಅದು ಕಬ್ಬಿಣ, ಸತುವಿನ ಅಂಶಗಳನ್ನು ಕಟ್ಟಿಹಾಕಿ ಮೈಗೆ ಹತ್ತದಂತೆ ಮಾಡುತ್ತದೆ. ಕಾಳು ನೀರು ಕುಡಿದು ಮೊಳೆಯತೊಡಗಿದಾಗ ಫೈಟೇಸ್ ಎಂಬ ಕಿಣ್ವ ಎಚ್ಚೆತ್ತು ಆ ಕಟ್ಟನ್ನು ಬಿಚ್ಚುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಲೆಕ್ಕದಲ್ಲಿ ಕರ್ನಾಟಕದ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ. ಇಂಥ ನಾಡಿನಲ್ಲಿ ಈ ಒಂದು ಗುಣವೇ ಸಾಕು, ಮೊಳಕೆಯನ್ನು ಗೌರವದಿಂದ ನೋಡಲಿಕ್ಕೆ.

ಉಳಿದ ಹೊಗಳಿಕೆಯನ್ನು ಸ್ವಲ್ಪ ಜರಡಿ ಹಿಡಿಯಬೇಕು. ಮೊಳಕೆಯಲ್ಲಿ ಸಿ ಜೀವಸತ್ವ ಹುಟ್ಟುವುದು ನಿಜ. ಬಿಸಿಲಿಗೆ ಒಣಗಿಸಿ, ಬೀಸಿ, ಕಾದ ಹಂಚಿಗೆ ಹಾಕಿದ ಮೇಲೆ ಉಳಿಯುವುದು ಅತ್ಯಲ್ಪ. ಪ್ರೋಟೀನು ಹೆಚ್ಚುತ್ತದೆ ಎನ್ನುವುದರಲ್ಲಿ ಲೆಕ್ಕದ ಆಟವಿದೆ: ಮೊಳೆಯುವಾಗ ಕಾಳು ತನ್ನ ಪಿಷ್ಟವನ್ನೇ ಖರ್ಚು ಮಾಡುವುದರಿಂದ ಉಳಿದದ್ದರಲ್ಲಿ ಪ್ರೋಟೀನಿನ ಪಾಲು ದೊಡ್ಡದಾಗಿ ಕಾಣುತ್ತದೆ. ಮೊಳಕೆ ಗೋಧಿಯಲ್ಲಿ ಗ್ಲುಟೆನ್ ಮಾಯವಾಗುವುದಿಲ್ಲ, ಗೋಧಿ ಒಗ್ಗದವರಿಗೆ ಅದೂ ಒಗ್ಗದು. ಸಕ್ಕರೆ ಕಾಯಿಲೆಯವರು ಮೊಳಕೆ ರೊಟ್ಟಿಯೆಂದು ಎರಡು ಹೆಚ್ಚು ತಿಂದರೆ ರಕ್ತ ಪರೀಕ್ಷೆಯ ಚೀಟಿ ಸುಮ್ಮನಿರುವುದಿಲ್ಲ.

ಇನ್ನು ಕೈಕೆಲಸದ ಮಾತು. ಮೊಳಕೆ ಬಂದಾಗ ಅಮೈಲೇಸ್ ಕಿಣ್ವ ಪಿಷ್ಟವನ್ನು ಸಣ್ಣ ಸಕ್ಕರೆಗಳಾಗಿ ಒಡೆಯುತ್ತದೆ. ಹಿಟ್ಟಿಗೆ ನಸುಸಿಹಿ ಬರುವುದು ಅದರಿಂದಲೇ, ಹಿಟ್ಟು ಕೆಡುವುದೂ ಅದರಿಂದಲೇ. ಬರೀ ಮೊಳಕೆ ಹಿಟ್ಟನ್ನು ನಾದಿದರೆ ಕೈಗೆ ಮೆತ್ತಿಕೊಳ್ಳುತ್ತದೆ, ಬಡಿಯುವಾಗ ಅಂಚು ಹರಿಯುತ್ತದೆ, ಹಂಚಿನ ಮೇಲೆ ಉಬ್ಬುವ ಮೊದಲೇ ಕಪ್ಪು ಚುಕ್ಕೆ ಏಳುತ್ತವೆ. ಎಸರು ಹಾಕಿ ಹಿಟ್ಟಿಗೆ ಜಿಗಿ ತರುವ ನಮ್ಮ ಉಪಾಯ ಇಲ್ಲಿ ನಡೆಯದು. ಕಾಳು ಕಟುಂ ಎನ್ನುವಷ್ಟು ಒಣಗಿರದಿದ್ದರೆ ಗಿರಣಿಯವನು ಮುಟ್ಟುವುದೂ ಇಲ್ಲ. ಅವನ ಕಲ್ಲು ಕಟ್ಟಿಕೊಳ್ಳುತ್ತದೆ, ಬೈಗುಳ ನಮಗೆ.

ಇದೆಲ್ಲ ಸಹಿಸಬಹುದಾದ ತೊಂದರೆ. ಸಹಿಸಲಾಗದ್ದು ಜೋಳದ ಮೊಳಕೆ. ಒಣಗಿದ ಜೋಳದ ಕಾಳಿನಲ್ಲಿ ಅಂಜುವಂಥದ್ದೇನಿಲ್ಲ. ಆದರೆ ಮೊಳೆತ ಕೂಡಲೇ ಚಿಗುರಿನಲ್ಲಿ ಧುರಿನ್ ಎಂಬ ವಸ್ತು ಕೂಡತೊಡಗುತ್ತದೆ, ಅದು ಒಡೆದರೆ ಸಯನೈಡ್ ವಿಷ. 100 ಗ್ರಾಂ ಜೋಳದ ಕಾಳಿನಿಂದ ಬೆಳೆದ ಮೊಳಕೆಯಿಂದ ಸುಮಾರು 60 ಮಿಲಿಗ್ರಾಂ ಹೈಡ್ರೋಜನ್ ಸಯನೈಡ್ ಹೊರಡಬಲ್ಲದೆಂದು 1984ರ ಅಧ್ಯಯನವೊಂದು ತೋರಿಸಿತು; ದೊಡ್ಡವರೊಬ್ಬರ ಜೀವ ತೆಗೆಯಲು ಅಷ್ಟು ಸಾಕು. ಎಳೆ ಜೋಳದ ಪೈರಿಗೆ ದನ ಬಿಡಬಾರದೆಂದು ಹೊಲದಲ್ಲಿ ಎಲ್ಲರಿಗೂ ಗೊತ್ತು. ದನಕ್ಕೆ ಕೊಡದ್ದನ್ನು ಅಡುಗೆಮನೆಯಲ್ಲಿ ನಾವೇ ಅರಿವೆಯಲ್ಲಿ ಕಟ್ಟಿ ಬೆಳೆಸುವುದು ಯಾವ ಜಾಣತನ? ಸುಡಾನಿನಂಥ ದೇಶಗಳಲ್ಲಿ ಮೊಳಕೆ ಜೋಳದ ಅಡುಗೆಯಿದೆ, ಖರೆ. ಅದಕ್ಕೆ ಅವರದೇ ಪಳಗಿದ ಕ್ರಮವಿದೆ. ಮೊಬೈಲಿನಲ್ಲಿ ಎರಡು ನಿಮಿಷ ನೋಡಿ ಅದು ಬರುವುದಿಲ್ಲ.

ಅಷ್ಟಕ್ಕೂ ಬಿಳಿಜೋಳದ ರೊಟ್ಟಿಗೆ ಮಡಕಿ ಕಾಳಿನ ಪಲ್ಯ ಹಚ್ಚಿಕೊಂಡು ತಿನ್ನುವವರಿಗೆ ಬೇಕಾದ ಮೊಳಕೆ ಆ ತಾಟಿನಲ್ಲೇ ಇದೆ. ಜೋಳದಲ್ಲಿ ಕಡಿಮೆಯಿರುವ ಲೈಸಿನ್ ಕಾಳಿನಲ್ಲಿ ಧಾರಾಳ. ಪಲ್ಯಕ್ಕೆ ನಿಂಬೆಹಣ್ಣು ಹಿಂಡಿ, ಬದಿಗೊಂದು ಹಸಿ ಉಳ್ಳಾಗಡ್ಡಿ ಇಟ್ಟುಕೊಂಡರೆ ಕಬ್ಬಿಣ ಮೈಗೆ ಹತ್ತಲು ಸಿ ಜೀವಸತ್ವವೂ ಸಿಕ್ಕಿತು. ಘಟಪ್ರಭಾ ಕಾಲುವೆಯ ನೀರು ಹರಿದಲ್ಲೆಲ್ಲ ಕಬ್ಬು, ಗೋವಿನಜೋಳ ಹಬ್ಬಿ ಬಿಳಿಜೋಳದ ಹೊಲ ಕರಗುತ್ತಿರುವಾಗ, ಇದ್ದ ರೊಟ್ಟಿಯನ್ನು ಉಳಿಸಿಕೊಳ್ಳುವ ಚಿಂತೆ ಮೊದಲಾಗಬೇಕಿತ್ತು ಎಂಬುದು ನನ್ನ ತಕರಾರು.

ಆದರೂ ಮೊಳಕೆ ಹಿಟ್ಟಿನ ಆಸೆಯಿದ್ದವರು ಗೋಧಿಯಿಂದ ಶುರುಮಾಡಿ. ಬಿಳಿ ತುದಿ ಇಣುಕಿದ ಕೂಡಲೇ ಒಣಹಾಕಿ, ಉದ್ದ ಬೆಳೆಯಲು ಬಿಡಬೇಡಿ. ಹುಳಿ ವಾಸನೆ ಬಂದರೆ ಚೆಲ್ಲಿಬಿಡಿ. ಮೂರು ಪಾಲು ಮಾಮೂಲಿ ಹಿಟ್ಟಿಗೆ ಒಂದು ಪಾಲು ಮೊಳಕೆಯದನ್ನು ಬೆರೆಸಿ ಚಪಾತಿ ಮಾಡಿ, ಚೆನ್ನಾಗಿ ಬೇಯಿಸಿ. ಊಟವಾದ ತಕ್ಷಣ ಚಹಾ ಕುಡಿಯಬೇಡಿ, ಅದು ಕಬ್ಬಿಣವನ್ನು ಮತ್ತೆ ಕಟ್ಟಿಹಾಕುತ್ತದೆ. ಜೋಳವನ್ನು ಮಾತ್ರ ಒಣಗಿದ್ದಂತೆಯೇ ಗಿರಣಿಗೆ ಒಯ್ಯಿರಿ.