ಬೆನ್ನು ಮಾಡಿ ಕುಳಿತ ಇಬ್ಬರು

ಇಟಲಿಯ ಪಾದುವಾ ನಗರದಲ್ಲಿ, ಹೊರಗಿನಿಂದ ಯಾವ ಆಡಂಬರವೂ ಇಲ್ಲದ ಇಟ್ಟಿಗೆಯ ಪ್ರಾರ್ಥನಾಮಂದಿರವೊಂದಿದೆ. ಎನ್ರಿಕೊ ಸ್ಕ್ರೊವೆನ್ಯಿ ಎಂಬ ಧನಿಕ ಕಟ್ಟಿಸಿದ ಇದು ೧೩೦೫ರಲ್ಲಿ ಪ್ರತಿಷ್ಠೆಗೊಂಡಿತು. ಇದರ ಒಳಗೋಡೆಗಳ ಮೇಲೆ ಜೊತ್ತೊ ಬರೆದ ಭಿತ್ತಿಚಿತ್ರಗಳಲ್ಲೊಂದು, ಶಿಲುಬೆಯಿಂದ ಇಳಿಸಿದ ಯೇಸುವಿನ ಸುತ್ತ ನೆರೆದವರ ಶೋಕವನ್ನು ತೋರಿಸುತ್ತದೆ. ಜೊತ್ತೊ ಚಿತ್ರಕಲೆಗೆ ನೈಜತೆ ತಂದವನೆಂಬ ಮಾತು ವಾಡಿಕೆಯಲ್ಲಿದೆ. ಆದರೆ ಈ ಚಿತ್ರದ ಬಂಡೆ ರಟ್ಟಿನಲ್ಲಿ ಕತ್ತರಿಸಿದಂತಿದೆ; ಅದರ ಮೇಲಿನ ಬೋಳುಮರ ಆಟಿಕೆಯಷ್ಟಿದೆ. ಹಾಗಾದರೆ ನಮ್ಮ ಮನಸ್ಸನ್ನು ಕಲಕುವುದು ಯಾವುದು?

ಕರುಣರಸಕ್ಕೆ ನಮ್ಮ ಆಲಂಕಾರಿಕರು ಕಣ್ಣೀರು, ಪ್ರಲಾಪ, ನಿಟ್ಟುಸಿರು, ಬಣ್ಣಗೆಟ್ಟ ಮುಖ ಮುಂತಾದ ಅನುಭಾವಗಳನ್ನು ಹೇಳಿದ್ದಾರೆ. ಅವು ಇಲ್ಲಿ ಧಾರಾಳವಾಗಿವೆ. ಆಕಾಶದಲ್ಲಿ ಹತ್ತು ಮಂದಿ ದೇವದೂತರು ಗೋಳಿಡುತ್ತಾರೆ; ಅದು ನಮಗೆ ತುಸು ಅತಿಯೆಂದೇ ತೋರಿತು. ಶಿಷ್ಯ ಯೋಹಾನ ಎರಡೂ ತೋಳುಗಳನ್ನು ಹಿಂದಕ್ಕೆ ಚಾಚಿ ಬಾಗಿದ್ದಾನೆ. ಮಗ್ದಲದ ಮರಿಯಳು ಪಾದಗಳ ಬಳಿ ಕುಳಿತಿದ್ದಾಳೆ. ತಾಯಿ ಮಗನನ್ನು ತಬ್ಬಿ ಅವನ ಮುಖವನ್ನೇ ದಿಟ್ಟಿಸುತ್ತಾಳೆ. ಆ ರಟ್ಟಿನ ಬಂಡೆಯ ಏಣು ಬಲದಿಂದ ಎಡಕ್ಕೆ ಇಳಿದು ನಮ್ಮ ದೃಷ್ಟಿಯನ್ನು ಅಲ್ಲಿಗೇ ಒಯ್ಯುತ್ತದೆ. ಬಂಡೆಯ ಕೆಲಸ ಅಷ್ಟೇ.

ಆದರೆ ದಾರಿಯಲ್ಲಿ ಇಬ್ಬರು ಅಡ್ಡವಾಗಿದ್ದಾರೆ. ಮುಂದುಗಡೆ, ನಮಗೆ ಬೆನ್ನು ಮಾಡಿ ಇಬ್ಬರು ಹೆಂಗಸರು ನೆಲದ ಮೇಲೆ ಕುಳಿತಿದ್ದಾರೆ. ಮುಖ ಕಾಣದು, ಕಣ್ಣೀರು ಕಾಣದು. ಹೊದಿಕೆಯೊಳಗೆ ಕುಸಿದ ಎರಡು ಮೈಗಳಷ್ಟೆ. ಚಿನ್ನದ ಹಿನ್ನೆಲೆಯಲ್ಲಿ ಭಕ್ತರಿಗೆ ಎದುರಾಗಿ ನಿಲ್ಲುವ ಪವಿತ್ರ ಮೂರ್ತಿಗಳೇ ರೂಢಿಯಾಗಿದ್ದ ಕಾಲದಲ್ಲಿ, ಹೀಗೆ ಬೆನ್ನುಗಳನ್ನು ಮುಂದೆ ತಂದು ಕೂರಿಸುವುದಕ್ಕೆ ಎದೆಗಾರಿಕೆ ಬೇಕು. ಅನುಭಾವವೆಲ್ಲ ಮರೆಯಾದ ಈ ಜಾಗದಲ್ಲೇ ಶೋಕ ನಮ್ಮನ್ನು ಮುಟ್ಟುತ್ತದೆ.

ಸಾವಿನ ಮನೆಗೆ ತಡವಾಗಿ ಹೋದವರಿಗೆ ಮೊದಲು ಕಾಣುವುದು ಸುತ್ತ ಕುಳಿತವರ ಬೆನ್ನುಗಳೇ. ತಂತಿಯೋ ಫೋನೋ ಬಂದೊಡನೆ ರಾತ್ರಿಯ ರೈಲು ಹಿಡಿದು ಊರಿಗೆ ಧಾವಿಸಿದ ನಮ್ಮಂಥವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಯಾರೂ ತಿರುಗಿ ನೋಡುವುದಿಲ್ಲ. ನಾವಾಗಿ ಸಂದು ಮಾಡಿಕೊಂಡು ಕೂರಬೇಕು. ಜೊತ್ತೊ ನೋಡುಗನಿಗೆ ಕೊಟ್ಟಿರುವುದು ಅಂಥ ಸ್ಥಳವನ್ನು. ಬೈಬಲಿನ ಕಥೆ ತಿಳಿಯದವನೂ ಅಲ್ಲಿ ಹೊರಗಿನವನಾಗುವುದಿಲ್ಲ.

ಹಸಿ ಗಾರೆಯ ಮೇಲೆ ಹಚ್ಚಿದ ಬಣ್ಣಗಳು ಏಳುನೂರು ವರ್ಷ ಬಾಳಿವೆ. ಗಾರೆ ಒಣಗಿದ ಮೇಲೆ ಹಚ್ಚಿದ ನೀಲಿ ಮಾತ್ರ ತಾಯಿಯ ಉಡುಪಿನಿಂದ ಉದುರಿದೆ. ಭಿತ್ತಿಗಳು ಕೆಡದಂತೆ ಈಗ ಕೆಲವೇ ಜನರನ್ನು ಸ್ವಲ್ಪ ಹೊತ್ತು ಒಳಗೆ ಬಿಡುತ್ತಾರೆ. ಹೋದವರೆಲ್ಲ ಆ ಇಬ್ಬರು ಹೆಂಗಸರ ಹಿಂದೆಯೇ ನಿಂತು ನೋಡಿ ಬರುತ್ತಾರೆ.