ಜಲಯಾನ ಸಾಹಿತ್ಯವೂ ಕೊಡಗಿನ ಕಾವೇರೀ ಕಥನವೂ

ದೋಣಿಯಲ್ಲಿ ಕುಳಿತು ನದಿ ನಾಲೆಗಳ ಮೂಲಕ ದಿನಗಟ್ಟಲೆ ಸಾಗಿದ ಪಯಣವನ್ನು ಬಣ್ಣಿಸುವ ಬರವಣಿಗೆ ಇಂಗ್ಲಿಷಿನಲ್ಲಿ ಒಂದು ಪ್ರಕಾರವಾಗಿಯೇ ಬೆಳೆದಿದೆ. ಕನ್ನಡದಲ್ಲಿ ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ ಮೊದಲ್ಗೊಂಡು ಶಿವರಾಮ ಕಾರಂತರ ಗ್ರಂಥಗಳವರೆಗೆ ಪ್ರವಾಸ ಸಾಹಿತ್ಯಕ್ಕೆ ಕೊರತೆಯಿಲ್ಲವಾದರೂ ಈ ಪ್ರಕಾರವು ಇಲ್ಲಿ ಬೇರುಬಿಡಲಿಲ್ಲ. ಇದನ್ನು ನಮ್ಮ ಕಲ್ಪನೆಯ ಬಡತನವೆಂದು ಎಣಿಸುವುದು ಸುಲಭ. ನೆಲದ ಗುಣವೆಂದು ತಳ್ಳಿಹಾಕುವುದು ಅದಕ್ಕಿಂತಲೂ ಸುಲಭ. ಕೊಡಗಿನ ಕಾವೇರೀ ಕಥನವನ್ನು ಮುಂದಿಟ್ಟುಕೊಂಡು ವಿಚಾರಿಸಿದರೆ ಈ ಎರಡು ಸಮಾಧಾನಗಳೂ ಸಾಲವೆಂದು ನಮಗೆ ತೋರುತ್ತದೆ.

ನೆಲದ ಮಾತನ್ನೇ ಮೊದಲು ನೋಡಬಹುದು. ತಲಕಾವೇರಿ ಸಮುದ್ರಮಟ್ಟದಿಂದ ಸುಮಾರು ೧೨೭೬ ಮೀಟರ್ ಎತ್ತರದಲ್ಲಿದೆ; ಕುಶಾಲನಗರ ಸುಮಾರು ೮೩೦ ಮೀಟರ್. ಈ ಇಳಿತದ ಬಹುಪಾಲು ಭಾಗಮಂಡಲವನ್ನು ಮುಟ್ಟುವಷ್ಟರಲ್ಲಿಯೇ ಮುಗಿದಿರುತ್ತದೆ. ಲಾಕು ಎಂದರೆ ಮುಂದೊಂದು ಹಿಂದೊಂದು ಕದವಿಟ್ಟ ನೀರಿನ ಅಂಕಣ. ದೋಣಿಯನ್ನು ಒಳಗೆ ಬಿಟ್ಟುಕೊಂಡು, ಕದವಿಕ್ಕಿ, ನೀರನ್ನು ತುಂಬಿಯೋ ಬಸಿದೋ ಅದನ್ನು ಮೇಲಿನ ಅಥವಾ ಕೆಳಗಿನ ಮಟ್ಟಕ್ಕೆ ಸೇರಿಸುವ ಉಪಾಯ. ಪನಾಮಾ ಕಾಲುವೆಯ ಲಾಕುಗಳು ಹಡಗನ್ನು ಎತ್ತುವುದು ೨೬ ಮೀಟರ್ ಮಾತ್ರ. ಕಾವೇರಿ ಕೊಡಗಿನೊಳಗೆ ಇಳಿಯುವುದು ಅದರ ಹದಿನೇಳರಷ್ಟು. ದುಬಾರೆಯಲ್ಲಿ ಹೊಳೆ ದಾಟಲು, ಭಾಗಮಂಡಲದ ಸಂಗಮವು ಮಳೆಗಾಲದಲ್ಲಿ ಉಕ್ಕಿ ದಾರಿ ಮುಳುಗಿದಾಗ ಆಚೆ ಸೇರಲು ದೋಣಿ ಬೇಕಾಗಿದ್ದುಂಟು. ಆದರೆ ಅದು ದಾಟುವ ದೋಣಿ, ಸಾಗುವ ದೋಣಿಯಲ್ಲ.

ಇಷ್ಟರಿಂದಲೇ ವಾದವು ಮುಗಿಯುವುದಿಲ್ಲ. ನೆರೆಯ ನೀರುಗಳಲ್ಲಿ ನಾಲೆಯ ಪಯಣದ ಯತ್ನಗಳು ನಡೆದಿವೆ. ಕೊಡಗಿನ ಬಾರಪೊಳೆ ಪಶ್ಚಿಮಕ್ಕೆ ಇಳಿದು ವಳಪಟ್ಟಣಂ ಹೊಳೆಯನ್ನು ಸೇರುತ್ತದೆ. ಅಲ್ಲಿಂದ ತುಸು ಉತ್ತರಕ್ಕೆ, ಏಳಿಮಲೆಯನ್ನು ಸುತ್ತುವ ಕಡಲದಾರಿಯನ್ನು ತಪ್ಪಿಸಲು ೧೭೬೬ರಲ್ಲಿ ತೋಡಿಸಿದ ಸುಲ್ತಾನ್ ತೋಡು ಇದೆ. ಪೂರ್ವದಲ್ಲಿ ಆರ್ಥರ್ ಕಾಟನ್ ತುಂಗಭದ್ರೆಯ ಮೂಲಕ ಕಾರವಾರದ ಕಡಲಿನವರೆಗೆ ಹಡಗಿನ ದಾರಿಯನ್ನು ಕನಸಿದ್ದನು. ಸುಂಕೇಸುಲದಲ್ಲಿ ಹೊರಡುವ ಕರ್ನೂಲು–ಕಡಪ ನಾಲೆಯನ್ನು ನೀರಾವರಿಗೂ ದೋಣಿಗೂ ಎಂದೇ ಲಾಕುಗಳೊಡನೆ ಕಟ್ಟಲಾಯಿತು. ಕಂಪನಿಗೆ ಅದು ನಷ್ಟವನ್ನೇ ತಂದಿತು; ೧೮೮೨ರಲ್ಲಿ ಸರ್ಕಾರ ಅದನ್ನು ಕೊಂಡುಕೊಂಡಿತು. ನಾಲೆಗಳು ಬಂದವು, ದೋಣಿಗಳೂ ಸ್ವಲ್ಪಕಾಲ ಓಡಿದವು. ಆ ಪಯಣದ ಸಾಹಿತ್ಯ ಮಾತ್ರ ಹುಟ್ಟಲಿಲ್ಲ.

ಆ ಸಾಹಿತ್ಯದ ಸ್ವರೂಪವಾದರೂ ಎಂತಹುದು? ಸ್ಟೀವನ್‌ಸನ್ನನ ‘ಆ್ಯನ್ ಇನ್‌ಲ್ಯಾಂಡ್ ವಾಯೇಜ್’ (೧೮೭೮) ಅದರ ಮೇಲ್ಪಂಕ್ತಿಯೆಂದು ಪ್ರಸಿದ್ಧವಾಗಿದೆ. ೧೮೭೬ರಲ್ಲಿ ಅವನು ಗೆಳೆಯ ಸಿಂಪ್ಸನ್ನನೊಡನೆ ಆಂಟ್‌ವರ್ಪಿನಿಂದ ಹೊರಟು ಕಿರುದೋಣಿಗಳಲ್ಲಿ ಫ್ರಾನ್ಸಿನ ಪೊಂತ್ವಾಸಿನವರೆಗೆ ಹೋದನು. ಗ್ರಂಥದ ಸೊಗಸೆಲ್ಲ ಅದರ ನಿಧಾನದಲ್ಲಿದೆ. ಆದರೆ ಬ್ರಸೆಲ್ಸಿನಿಂದ ಶಾರ್ಲರುವಾದವರೆಗೆ ೫೫ ಲಾಕುಗಳಿವೆಯೆಂದು ತಿಳಿದೊಡನೆ ಈ ನಿಧಾನಪ್ರಿಯರು ದೋಣಿಗಳ ಸಮೇತ ರೈಲು ಹತ್ತಿದರೆಂಬುದನ್ನು ಓದುಗರು ಅಷ್ಟಾಗಿ ಗಮನಿಸಿದಂತಿಲ್ಲ. ಯಾತ್ರಿಕನು ತಾನು ಬಯಸಿದಾಗ ನಿಲ್ಲಬಲ್ಲ. ಕದವು ನಿಲ್ಲಿಸಿದರೆ ಸಹಿಸಲಾರ. ಅದೇ ಗ್ರಂಥದಲ್ಲಿ ನೆರೆಬಂದ ವಾಜ್ ನದಿ ಅವನ ದೋಣಿಯನ್ನು ಸೆಳೆದೊಯ್ದು ಅವನನ್ನು ಮರವೊಂದಕ್ಕೆ ಜೋತುಬೀಳಿಸುತ್ತದೆ. ಅಲ್ಲಿಯವರೆಗೆ ಹಿನ್ನೆಲೆಯಾಗಿದ್ದ ನೀರು ಆ ಕ್ಷಣದಲ್ಲಿ ಪಾತ್ರವಾಗುತ್ತದೆ. ಕೃತಿಯ ಅತ್ಯುತ್ತಮ ಭಾಗ ಅದೇ ಎಂದು ನಮ್ಮ ಅಭಿಪ್ರಾಯ.

ಕೊಡಗಿನ ಕಥನವು ತೊಡಗುವುದೇ ಈ ಸ್ಥಳದಿಂದ. ಇಲ್ಲಿ ಯಾತ್ರಿಕಳು ನೀರೇ, ದಡದವರು ಕಾಯುವವರು. ಒಂಟಿಯಾಗಿ ಬಿಡಲಾಗದೆಂಬ ಮಾತಿನ ಮೇಲೆ ಅಗಸ್ತ್ಯನ ಕೈಹಿಡಿದ ಕಾವೇರಿಯನ್ನು ಅವನು ಕಮಂಡಲುವಿನಲ್ಲಿರಿಸಿ ಸ್ನಾನಕ್ಕೆ ಹೋಗುತ್ತಾನೆ. ಮಾತು ಮುರಿಯಿತೆಂದು ಅವಳು ಹೊರಹರಿಯುತ್ತಾಳೆ. ಶಿಷ್ಯರು ತಡೆಯಹೋದರೆ ನೆಲದೊಳಗೆ ಮರೆಯಾಗಿ ಭಾಗಮಂಡಲದಲ್ಲಿ ಮೇಲೇಳುತ್ತಾಳೆ. ಬಲಮುರಿಯಲ್ಲಿ ಕೊಡವರು ಅಡ್ಡನಿಲ್ಲುತ್ತಾರೆ; ಪ್ರವಾಹದ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಸರಿಯುತ್ತದೆ. ಕಮಂಡಲು, ಶಿಷ್ಯರು, ನೆಲ, ಜನ—ಒಂದಾದ ಮೇಲೊಂದು ತಡೆ. ಇವು ಒಂದು ಬಗೆಯ ಲಾಕುಗಳೇ ಸರಿ. ಆದರೆ ಕದ ತೆರೆಯುವ ಅಧಿಕಾರ ಒಳಗಿನ ನೀರಿಗೆ ಸೇರಿದ್ದು.

ತಮಿಳುನಾಡಿನಲ್ಲಿ ಹೆಚ್ಚು ಪ್ರಚಲಿತವಾದ ಪಾಠದಲ್ಲಿ ಗಣಪತಿಯು ಕಾಗೆಯಾಗಿ ಬಂದು ಕಮಂಡಲುವನ್ನು ಉರುಳಿಸುತ್ತಾನೆ. ಅಲ್ಲಿ ನೀರು ಚೆಲ್ಲುತ್ತದೆ, ಇಲ್ಲಿ ಹೊರಡುತ್ತದೆ. ಕ್ರಿಯಾಪದ ಬದಲಾದುದರಿಂದ ಕಥೆಯ ಧರ್ಮವೇ ಬದಲಾಗಿದೆ. ಹೊಲಕ್ಕೆ ನೀರು ಬಂದುದು ಹೇಗೆಂಬುದು ಬಯಲಿನ ಪ್ರಶ್ನೆ. ಮನೆಯ ಮಗಳು ಹೋದುದು ಏಕೆಂಬುದು ಮಲೆಯ ಪ್ರಶ್ನೆ.

ಎಂ. ಎನ್. ಶ್ರೀನಿವಾಸರು ೧೯೫೨ರ ತಮ್ಮ ಗ್ರಂಥದಲ್ಲಿ ಕಾವೇರೀ ಪುರಾಣವನ್ನು ಕೊಡವ ಸಮಾಜದ ಸಂಸ್ಕೃತೀಕರಣದ ದೃಷ್ಟಿಯಿಂದ ಪರಿಶೀಲಿಸಿದ್ದಾರೆ. ಚಂದ್ರವರ್ಮನ ವಂಶಾವಳಿಯ ಭಾಗಕ್ಕೆ ಆ ದೃಷ್ಟಿ ಚೆನ್ನಾಗಿ ಒಪ್ಪುತ್ತದೆ. ಕಾವ್ಯದೃಷ್ಟಿಯಿಂದ ಆ ಭಾಗ ನೀರಸವಾಗಿರುವುದೂ ನಿಜವಷ್ಟೆ. ಬಲಮುರಿಯ ಪ್ರಸಂಗವು ಮಾತ್ರ ಆ ಚೌಕಟ್ಟಿಗೆ ಸಿಕ್ಕುವುದಿಲ್ಲ. ಕಥಾಸಂಗ್ರಹಗಳು ಅದನ್ನು ಉಡುಗೆಯ ಕಾರಣಕಥೆಯಾಗಿ ಇಳಿಸಿ, ನೆರಿಗೆಯೊಡನೆಯೇ ನಿಲ್ಲಿಸಿಬಿಡುತ್ತವೆ. ಇದು ಕೃತಿಗೆ ಮಾಡಿದ ಅನ್ಯಾಯವೆನ್ನಬೇಕು. ಏಕೆಂದರೆ ಮುಂದಿನ ಮಾತಿನಲ್ಲಿಯೇ ಕಥೆಯ ತೂಕವಿದೆ: ನಿಲ್ಲಲೊಲ್ಲೆನೆಂದ ಕಾವೇರಿ ವರ್ಷಕ್ಕೊಮ್ಮೆ, ತುಲಾಸಂಕ್ರಮಣದಂದು, ಬಂದು ಕಾಣಿಸಿಕೊಳ್ಳುವೆನೆನ್ನುತ್ತಾಳೆ. ತಡೆದವರು ಸೋತರು, ಆದರೆ ಬರಿಗೈಯಲ್ಲಿ ಮರಳಲಿಲ್ಲ. ಹೋದವಳು ಗೆದ್ದಳು, ಆದರೆ ಸಂಬಂಧವನ್ನು ಕಡಿದುಕೊಳ್ಳಲಿಲ್ಲ. ೨೦೦೭ರ ನ್ಯಾಯಮಂಡಳಿಯ ತೀರ್ಪಿನಲ್ಲಿ ೭೪೦ ಟಿ.ಎಂ.ಸಿ. ಎಂದು ಲೆಕ್ಕಕ್ಕೆ ಬಂದ ನದಿಯ ಬಗೆಗೆ ಹೀಗೆ ತಡೆ, ಬಿಡುಗಡೆ, ಒಪ್ಪಂದಗಳ ಭಾಷೆಯಲ್ಲಿ ಚಿಂತಿಸಿದ ಜನಪದ ಪಠ್ಯವನ್ನು ತರಗತಿಯಲ್ಲಿ ಸೀರೆಯ ಕಥೆಯಾಗಿ ಮಾತ್ರ ಓದಿಸುವುದು ಉಚಿತವೆ? ಊರಿನ ಹೆಸರನ್ನಾದರೂ ಗಮನಿಸಬೇಕು. ಅದು ನೆರಿಗೆಯನ್ನು ಹೇಳುತ್ತಿಲ್ಲ. ಹೊಳೆ ಬಲಕ್ಕೆ ಮುರಿದು ಮುಂದೆ ಹೋಯಿತೆಂಬುದನ್ನು ಹೇಳುತ್ತಿದೆ.