ಗಂಟೆಗಳ ಲೆಕ್ಕ ಮತ್ತು ಮಗುವಿನ ಓದು: ರಾಷ್ಟ್ರೀಯ ಸೇವಾ ಯೋಜನೆಯ ಒಂದು ವಿಮರ್ಶೆ

ಕಾಲೇಜು ವಿದ್ಯಾರ್ಥಿಗಳು ತಮ್ಮ ಸುತ್ತಲಿನ ಸಮುದಾಯಕ್ಕಾಗಿ ದುಡಿಯಲು ಕರ್ನಾಟಕದಲ್ಲಿ ಇರುವ ಅವಕಾಶಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಯಷ್ಟು, ಅಂದರೆ ಎಲ್ಲರ ಬಾಯಲ್ಲಿ ಎನ್‌ಎಸ್‌ಎಸ್ ಆಗಿರುವ ಕಾರ್ಯಕ್ರಮದಷ್ಟು, ವ್ಯಾಪಕವಾದುದು ಬಹುಶಃ ಬೇರೊಂದಿಲ್ಲ. ತಾಲ್ಲೂಕು ಕೇಂದ್ರದ ಸಣ್ಣ ಪ್ರಥಮ ದರ್ಜೆ ಕಾಲೇಜಿನಲ್ಲಿಯೂ ಅದರ ಘಟಕವನ್ನು ಕಾಣಬಹುದು. ಇಷ್ಟು ದೊಡ್ಡ ವ್ಯವಸ್ಥೆಯು ತಾನು ಮಾಡಬಲ್ಲ ಅತ್ಯಂತ ಉಪಯುಕ್ತ ಕೆಲಸವನ್ನು, ಎಂದರೆ ಹಿಂದುಳಿದ ಒಂದು ಮಗುವಿನ ಕಲಿಕೆಗೆ ಒಬ್ಬ ವಿದ್ಯಾರ್ಥಿಯನ್ನು ದೀರ್ಘಕಾಲ ಜೊತೆಗಾರನನ್ನಾಗಿಸುವ ಕೆಲಸವನ್ನು, ಯಾಕೆ ಅಪರೂಪಕ್ಕೆ ಮಾತ್ರ ಮಾಡುತ್ತದೆ ಎಂಬುದು ವಿಮರ್ಶೆಗೆ ಅರ್ಹವಾದ ಪ್ರಶ್ನೆ.

ಯೋಜನೆಯ ಹಿಂದೆ ಎರಡು ದಶಕಗಳ ಚರ್ಚೆಯಿದೆ. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗವು ಸೇವೆ ಸ್ವಯಂಪ್ರೇರಿತವಾಗಿರಬೇಕೆಂದಿತು, 1959ರಲ್ಲಿ ಸಿ.ಡಿ. ದೇಶಮುಖ್ ಸಮಿತಿಯು ಕಾಲೇಜು ಸೇರುವ ಮುನ್ನ ಒಂಬತ್ತು ತಿಂಗಳಿಂದ ಒಂದು ವರ್ಷದವರೆಗಿನ ಕಡ್ಡಾಯ ಸೇವೆಯನ್ನು ಸೂಚಿಸಿತು. ಆ ಬಳಿಕ ಹಲವು ದೇಶಗಳ ಅನುಭವವನ್ನು ಅಭ್ಯಸಿಸಿದ ಕೆ.ಜಿ. ಸೈಯದೈನ್ ಅವರು ಮತ್ತೆ ಸ್ವಇಚ್ಛೆಯ ಪರವಾಗಿ ವರದಿ ಕೊಟ್ಟರು. ಕೊನೆಗೆ ಗಾಂಧಿ ಶತಮಾನೋತ್ಸವದ ವರ್ಷವಾದ 1969ರ ಸೆಪ್ಟೆಂಬರ್ 24ರಂದು ಅಂದಿನ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್ ಅವರು 37 ವಿಶ್ವವಿದ್ಯಾಲಯಗಳ ಸುಮಾರು 40,000 ವಿದ್ಯಾರ್ಥಿಗಳೊಂದಿಗೆ ಯೋಜನೆಗೆ ಚಾಲನೆ ನೀಡಿದರು. ಬಳ್ಳಾರಿಯನ್ನು ಲೋಕಸಭೆಯಲ್ಲಿ ಪ್ರತಿನಿಧಿಸುತ್ತಿದ್ದ, ಮುಂದೆ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನಕ್ಕೆಂದು ಐಸೆಕ್ ಸಂಸ್ಥೆಯನ್ನು ಕಟ್ಟಿದ ಈ ಅರ್ಥಶಾಸ್ತ್ರಜ್ಞರ ಕಾಲದಲ್ಲಿ ಪದವಿ ಕಾಲೇಜಿಗೆ ಬರುತ್ತಿದ್ದವರಲ್ಲಿ ಪಟ್ಟಣದ, ಅನುಕೂಲಸ್ಥ ಮನೆಗಳ ಮಕ್ಕಳ ಪಾಲು ಇಂದಿಗಿಂತ ಬಹಳ ದೊಡ್ಡದಾಗಿತ್ತು. ಅವರಿಗೆ ಹಳ್ಳಿಯ ಬದುಕಿನ ಪರಿಚಯವಾಗಬೇಕು, ಓದಿದವರಿಗೂ ದುಡಿಯುವವರಿಗೂ ನಡುವೆ ಬೆಳೆದ ಅಂತರ ಕುಗ್ಗಬೇಕು ಎಂಬುದು ಯೋಜನೆಯ ಮೂಲ ಆಶಯ. ಆ ಆಶಯ ಅಂದಿಗೆ ಸರಿಯಾಗಿತ್ತು. ಆದರೆ ಯೋಜನೆಯ ರಚನೆ ಇಂದಿಗೂ ಅದೇ ವಿದ್ಯಾರ್ಥಿಯನ್ನು ಮನಸ್ಸಿನಲ್ಲಿಟ್ಟುಕೊಂಡಿದೆ.

ಆ ರಚನೆಯಂತೆ ಸುಮಾರು ನೂರು ಸ್ವಯಂಸೇವಕರ ಒಂದು ಘಟಕವನ್ನು ಕಾಲೇಜಿನ ಅಧ್ಯಾಪಕರೊಬ್ಬರು ಕಾರ್ಯಕ್ರಮಾಧಿಕಾರಿಯಾಗಿ ನಡೆಸುತ್ತಾರೆ. ಪ್ರತಿ ವಿದ್ಯಾರ್ಥಿಯೂ ವರ್ಷಕ್ಕೆ 120ರಂತೆ ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆಯನ್ನು ಪೂರೈಸಬೇಕು. ಇದರ ಜೊತೆಗೆ ಘಟಕದ ಅರ್ಧದಷ್ಟು ಸ್ವಯಂಸೇವಕರು ದತ್ತು ಗ್ರಾಮದಲ್ಲಿ, ಅಂದರೆ ನಿರಂತರ ಸಂಪರ್ಕಕ್ಕೆಂದು ಕಾಲೇಜು ಆರಿಸಿಕೊಂಡ ಹಳ್ಳಿಯಲ್ಲಿ, ಏಳು ದಿನಗಳ ವಾರ್ಷಿಕ ವಿಶೇಷ ಶಿಬಿರಕ್ಕೆ ಹೋಗಬೇಕು. ಕಾಗದದ ಮೇಲೆ 120 ಗಂಟೆಗಳ ದೈನಂದಿನ ಚಟುವಟಿಕೆಯೇ ಯೋಜನೆಯ ಮುಖ್ಯ ಭಾಗ. ಶಿಬಿರ ಅದಕ್ಕೆ ಪೂರಕ. ವಾಸ್ತವದಲ್ಲಿ ಬಹುತೇಕ ಕಾಲೇಜುಗಳಲ್ಲಿ ಇದು ತಿರುವುಮುರುವಾಗಿದೆ. ವರ್ಷದ ಗಂಟೆಗಳು ದಿನಾಚರಣೆ, ಜಾಥಾ, ಆವರಣದ ಸ್ವಚ್ಛತೆ, ರಕ್ತದಾನ ಶಿಬಿರ, ಸಸಿ ನೆಡುವಿಕೆಗಳಲ್ಲಿ ಹಂಚಿಹೋಗುತ್ತವೆ, ಹಳ್ಳಿಯೊಡನೆ ಇರಬೇಕಾದ ಸಂಬಂಧ ಏಳು ದಿನಗಳಿಗೆ ಇಳಿಯುತ್ತದೆ.

ಹಾಗೆಂದು ಶಿಬಿರವನ್ನು ಹಗುರವಾಗಿ ಕಾಣುವುದು ಅನ್ಯಾಯ. ಬೆಳಗಿನ ಪ್ರಭಾತಫೇರಿ, ಶ್ರಮದಾನ, ಮಧ್ಯಾಹ್ನದ ಉಪನ್ಯಾಸ, ಸಂಜೆಯ ಸಾಂಸ್ಕೃತಿಕ ಕಾರ್ಯಕ್ರಮ ಎಂಬ ಸಿದ್ಧ ವೇಳಾಪಟ್ಟಿಯ ಒಳಗೆ ನಡೆಯುವ ನಿಜವಾದ ಶಿಕ್ಷಣ ಅಡುಗೆಯ ಮತ್ತು ಊಟದ ಹೊತ್ತಿನದು. ಊರಿನ ಸರ್ಕಾರಿ ಶಾಲೆಯ ಕೊಠಡಿಗಳಲ್ಲಿ ಜಮಖಾನ ಹಾಸಿ ಮಲಗುವ, ಸರದಿಯಂತೆ ಕಾಯಿಪಲ್ಯ ಹೆಚ್ಚುವ, ಬಡಿಸುವ, ಪಾತ್ರೆ ತೊಳೆಯುವ, ಒಂದೇ ಪಂಕ್ತಿಯಲ್ಲಿ ಉಣ್ಣುವ ಹುಡುಗ ಹುಡುಗಿಯರಲ್ಲಿ ಎಷ್ಟೋ ಮಂದಿಗೆ ಬೇರೆ ಜಾತಿಯವರು ಮಾಡಿದ ಅಡುಗೆಯನ್ನು ದಿನವೂ ಉಂಡ ಮೊದಲ ಅನುಭವ ಅದೇ ಆಗಿರುತ್ತದೆ. ಇದು ಯಾವ ವರದಿಯಲ್ಲಿಯೂ ಸಾಧನೆಯಾಗಿ ದಾಖಲಾಗುವುದಿಲ್ಲ, ಆದರೆ ಯೋಜನೆಯ ಅತ್ಯುತ್ತಮ ಫಲಗಳಲ್ಲಿ ಇದೂ ಒಂದು. ಕೊರತೆ ಇರುವುದು ಹಳ್ಳಿಯ ಪಾಲಿನಲ್ಲಿ: ಶಿಬಿರಾರ್ಥಿಗೆ ಇಷ್ಟು ಕೊಡುವ ಏಳು ದಿನಗಳು ಊರಿಗೆ ಒಂದು ತೋಡಿದ ಚರಂಡಿಯನ್ನೋ ಬಣ್ಣ ಬಳಿದ ಶಾಲಾ ಗೋಡೆಯನ್ನೋ ಬಿಟ್ಟು ಹೋಗುತ್ತವೆ, ಆ ಗೋಡೆಯ ಒಳಗಿನ ಮಗುವಿನ ಓದು ಇದ್ದಲ್ಲಿಯೇ ಇರುತ್ತದೆ.

ಆ ಓದಿನ ಸ್ಥಿತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೂರನೆಯ ತರಗತಿಯವರೆಗೆ ಗುಂಪು ಮತ್ತು ಚಟುವಟಿಕೆಗಳ ಮೂಲಕ ತನ್ನ ವೇಗದಲ್ಲಿ ಕಲಿಯಲು ಬಿಡುವ ನಲಿ-ಕಲಿ ಪದ್ಧತಿಯಿಂದ ನಾಲ್ಕನೆಯ ತರಗತಿಯ ಪಠ್ಯಪುಸ್ತಕಕ್ಕೆ ದಾಟುವ ಮಕ್ಕಳಲ್ಲಿ ಕೆಲವರು ಮೂಲಾಕ್ಷರಗಳನ್ನು ಗುರುತಿಸುತ್ತಾರೆ, ಕಾಗುಣಿತದಲ್ಲಿ ತಡವರಿಸುತ್ತಾರೆ, ಒತ್ತಕ್ಷರ ಬಂದಲ್ಲಿ ನಿಂತುಬಿಡುತ್ತಾರೆ. ‘ಪುಸ್ತಕ’ ಎಂಬುದನ್ನು ‘ಪುಸಕ’ ಎಂದೋ ‘ಪು-ಸ-ತ-ಕ’ ಎಂದೋ ಓದುವ ಮಗುವಿಗೆ ಮುಂದಿನ ಸಮಾಜ ವಿಜ್ಞಾನದ ಪಾಠವಿಡೀ ಮುಚ್ಚಿದ ಪುಟ. 41ರಿಂದ 13ನ್ನು ಕಳೆಯಲು ಹೇಳಿದಾಗ 32 ಎಂದು ಬರೆಯುವ ಮಗು ಲೆಕ್ಕ ಬಾರದ ಮಗುವಲ್ಲ. ಬಿಡಿಯ ಸ್ಥಾನದಲ್ಲಿ ದೊಡ್ಡದರಿಂದ ಚಿಕ್ಕದನ್ನು ಕಳೆದು, ದಶಕ ಬಿಡಿಸಿ ತೆಗೆದುಕೊಳ್ಳುವ ಒಂದೇ ಹೆಜ್ಜೆಯನ್ನು ಅದು ತಪ್ಪಿಸಿಕೊಂಡಿದೆ. ಇಂಥ ತಪ್ಪನ್ನು ಕಂಡುಹಿಡಿಯಲು ಬಿ.ಇಡಿ. ಬೇಕಿಲ್ಲ, ಪಕ್ಕದಲ್ಲಿ ಕುಳಿತು ಮಗು ಮಾಡುವುದನ್ನು ತಾಳ್ಮೆಯಿಂದ ನೋಡುವ ಒಬ್ಬರು ಬೇಕು. ಎರಡು ಮೂರು ತರಗತಿಗಳನ್ನು ಒಬ್ಬರೇ ಸಂಭಾಳಿಸುವ ಶಿಕ್ಷಕರಿಗೆ ಸಾಧ್ಯವಾಗದ ಈ ಕೆಲಸ ಹತ್ತೊಂಬತ್ತರ ಹರೆಯದ ಪದವಿ ವಿದ್ಯಾರ್ಥಿನಿಗೆ ಸಾಧ್ಯ.

ಇದನ್ನೇ ಮೆಂಟರಿಂಗ್ ಎನ್ನುವುದು: ಪಾಠ ಹೇಳುವುದಕ್ಕಿಂತ ಹೆಚ್ಚಾಗಿ, ಒಬ್ಬ ಹಿರಿಯ ವಿದ್ಯಾರ್ಥಿ ಒಂದು ಮಗುವಿನ ಬೆಳವಣಿಗೆಗೆ ನಿಯಮಿತವಾಗಿ ಒತ್ತಾಸೆಯಾಗಿರುವುದು. ಇಲ್ಲಿ ಅವಧಿಯೇ ಸತ್ವ. ಅಮೆರಿಕದಲ್ಲಿ ಇಂಥ ಜೋಡಿಗಳನ್ನು ಅಧ್ಯಯನ ಮಾಡಿದ ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ ಅವರು 2002ರಲ್ಲಿ ಪ್ರಕಟಿಸಿದ ಲೇಖನವು, ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಉಳಿದ ಸಂಬಂಧಗಳಿಂದ ಮಕ್ಕಳಿಗೆ ಹೆಚ್ಚು ಪ್ರಯೋಜನವಾಯಿತೆಂದೂ, ತೀರ ಬೇಗ ಮುರಿದುಬಿದ್ದ ಸಂಬಂಧಗಳ ಬಳಿಕ ಮಕ್ಕಳ ಆತ್ಮಗೌರವ ಕುಗ್ಗಿತೆಂದೂ ತೋರಿಸಿತು. ಅಲ್ಲಿನ ಸಮಾಜ ಬೇರೆ, ಅಳತೆಗಳೂ ಬೇರೆ. ಆದರೂ ಏಳು ದಿನ ಅಕ್ಕ, ಅಣ್ಣ ಎಂದು ಕರೆಸಿಕೊಂಡು ಎಂಟನೆಯ ದಿನ ಬಸ್ಸು ಹತ್ತುವವರ ವಿಷಯದಲ್ಲಿ ಈ ಎಚ್ಚರಿಕೆಗೆ ಕಿವಿಗೊಡುವುದು ಅಗತ್ಯ.

ಗಂಟೆಗಳ ಕೊರತೆಯಂತೂ ಇಲ್ಲ. 120 ಗಂಟೆಗಳಲ್ಲಿ ತರಬೇತಿಗೆ 20 ಬಿಟ್ಟರೂ ಉಳಿಯುವ 100 ಗಂಟೆಗಳನ್ನು ಎರಡು ಸೆಮಿಸ್ಟರ್‌ಗಳ ಸುಮಾರು 32 ವಾರಗಳಿಗೆ ಹಂಚಿದರೆ ವಾರಕ್ಕೆ ಮೂರು ಗಂಟೆ ದೊರೆಯುತ್ತದೆ, ಎರಡು ವರ್ಷಗಳ ಕಾಲ. ಸ್ಥಳವೂ ಇದೆ. 2020ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯು ಆರಂಭಿಸಿದ ‘ಓದುವ ಬೆಳಕು’ ಕಾರ್ಯಕ್ರಮವು ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಮಕ್ಕಳಿಗೆ ತೆರೆಯಿತು. ಅರಿವು ಕೇಂದ್ರಗಳೆಂದು ಹೆಸರಾದ ಇವು ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚಿವೆ. ನಾಲ್ಕು ಜನರ ಕಣ್ಣೆದುರಿನ ಇಂಥ ಸಾರ್ವಜನಿಕ ಜಾಗ, ಮನೆಪಾಠದ ಕೋಣೆಗಿಂತ ಮಗುವಿಗೂ ವಿದ್ಯಾರ್ಥಿಗೂ ಸುರಕ್ಷಿತ.

ಇಲ್ಲಿಯೇ ದತ್ತು ಗ್ರಾಮದ ಕಲ್ಪನೆಯನ್ನು ಪ್ರಶ್ನಿಸಬೇಕಾಗುತ್ತದೆ. ಇಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಕುಳಿತಿರುವವರಲ್ಲಿ ಬಹುಪಾಲು ಹಳ್ಳಿಯವರೇ. ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ, ಪಾಸು ಹಿಡಿದು, ಅಥವಾ ವಿದ್ಯಾರ್ಥಿನಿಯರಾದರೆ 2023ರ ಜೂನ್‌ನಿಂದೀಚೆಗೆ ಶಕ್ತಿ ಯೋಜನೆಯ ಉಚಿತ ಟಿಕೆಟ್ ಪಡೆದು, ಬಸ್ಸಿನಲ್ಲಿ ಬರುವವರು. ಅವರಿಗೆ ಹಳ್ಳಿಯನ್ನು ಪರಿಚಯಿಸಲು ಬೇರೊಂದು ಹಳ್ಳಿಗೆ ಕರೆದೊಯ್ಯುವ ಬದಲು, ಸಂಜೆ ಮರಳುವ ಅವರ ಸ್ವಂತ ಊರನ್ನೇ ಸೇವಾಕ್ಷೇತ್ರವೆಂದು ಮಾನ್ಯ ಮಾಡಿದರೆ ನೂರು ಸ್ವಯಂಸೇವಕರ ಘಟಕ ಹತ್ತಾರು ಊರುಗಳನ್ನು ಮುಟ್ಟುತ್ತದೆ, ಪ್ರಯಾಣದ ವೆಚ್ಚವೂ ಉಳಿಯುತ್ತದೆ. ಸ್ವಂತ ಊರೆಂದರೆ ಸ್ವಂತ ಊರಿನ ಜಾತಿಯೂ ಹೌದು ಎಂಬ ಆಕ್ಷೇಪ ಗಂಭೀರವಾದುದು: ದಲಿತ ಕೇರಿಯ ಪದವಿ ವಿದ್ಯಾರ್ಥಿನಿಯ ಬಳಿಗೆ ಮೇಲುಕೇರಿಯವರು ಮಕ್ಕಳನ್ನು ಕಳಿಸುವರೇ ಎಂಬ ಪ್ರಶ್ನೆಗೆ ಎಲ್ಲೆಡೆ ಒಂದೇ ಉತ್ತರವಿರಲಾರದು. ಅದಕ್ಕಾಗಿಯೇ ನೇಮಕ ಕಾಲೇಜಿನ ಹೆಸರಿನಲ್ಲಿ, ಪಂಚಾಯಿತಿ ಮತ್ತು ಶಾಲೆಯ ಲಿಖಿತ ಒಪ್ಪಿಗೆಯೊಡನೆ ಆಗಬೇಕು. ಆಕೆ ಅಲ್ಲಿ ಕುಳಿತಿರುವುದು ಯಾರ ದಾಕ್ಷಿಣ್ಯದಿಂದಲೂ ಅಲ್ಲ, ಅಧಿಕೃತವಾಗಿ ಎಂಬುದು ಊರಿಗೆ ತಿಳಿದಿರಬೇಕು.

ಇತ್ತೀಚಿನ ಬದಲಾವಣೆಗಳು ಈ ದಿಕ್ಕಿನವಲ್ಲ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ ನಿಯಮದಂತೆ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪದವಿ ಪಡೆಯಲು ಸಮುದಾಯ ಸೇವೆಯಂಥ ಕೆಲಸಗಳಿಂದ 100 ಚಟುವಟಿಕೆ ಅಂಕಗಳನ್ನು ಗಳಿಸಬೇಕು. ಕಾಲೇಜಿನ ಗುಣಮಟ್ಟವನ್ನು ಅಳೆಯುವ ನ್ಯಾಕ್ ಮೌಲ್ಯಮಾಪನದಲ್ಲಿ ಕಾಲೇಜುಗಳು ವಿಸ್ತರಣಾ ಚಟುವಟಿಕೆಗಳ ಸಂಖ್ಯೆಯನ್ನೂ ಭಾಗವಹಿಸಿದವರ ಸಂಖ್ಯೆಯನ್ನೂ ಒಪ್ಪಿಸುತ್ತವೆ. ದೇಶಮುಖ್ ಸಮಿತಿಯ ಕಡ್ಡಾಯವು ಹೀಗೆ ಅಂಕಗಳ ರೂಪದಲ್ಲಿ ಹಿಂತಿರುಗಿದೆ. ಕಡ್ಡಾಯವೇ ಕೆಟ್ಟದ್ದೆನ್ನಲಾಗದು, ಎಷ್ಟೋ ವಿದ್ಯಾರ್ಥಿಗಳಿಗೆ ಮೊದಲ ಹೆಜ್ಜೆ ಇಡಿಸುವುದು ಅದೇ. ಆದರೆ ಎಣಿಕೆಯು ಕಾರ್ಯಕ್ರಮಗಳದ್ದಾದಾಗ ಒಂದು ಮಗುವಿನೊಡನೆ ಕಳೆದ ನೂರು ಗಂಟೆಗಳು ‘ಒಂದು ಚಟುವಟಿಕೆ’ಯಾಗಿ, ಬ್ಯಾನರು ಹಿಡಿದು ನಿಂತ ಹತ್ತು ಛಾಯಾಚಿತ್ರಗಳು ‘ಹತ್ತು ಚಟುವಟಿಕೆ’ಗಳಾಗಿ ಲೆಕ್ಕಕ್ಕೆ ಬರುತ್ತವೆ. ಎಷ್ಟು ಸ್ವಯಂಸೇವಕರು ಅದೇ ಮಕ್ಕಳೊಡನೆ ಎರಡನೆಯ ವರ್ಷವೂ ಮುಂದುವರಿದರು, ಜೂನ್‌ನಲ್ಲಿ ಒತ್ತಕ್ಷರ ಓದಲಾಗದಿದ್ದ ಮಕ್ಕಳಲ್ಲಿ ಎಷ್ಟು ಮಂದಿ ಮಾರ್ಚ್‌ನಲ್ಲಿ ಒಂದು ಕತೆಯನ್ನು ಓದಿದರು ಎಂಬ ಎರಡು ಪ್ರಶ್ನೆಗಳನ್ನು ವಾರ್ಷಿಕ ವರದಿಯ ನಮೂನೆಗೆ ಸೇರಿಸಿದರೂ ಕೆಲಸದ ಸ್ವರೂಪ ಬದಲಾಗಲು ತೊಡಗುತ್ತದೆ.

ಕೊನೆಗೆ ಎಲ್ಲವೂ ಬಂದು ನಿಲ್ಲುವುದು ಕಾರ್ಯಕ್ರಮಾಧಿಕಾರಿಯ ಬಳಿ. ತರಗತಿಗಳ ಪೂರ್ಣ ಹೊರೆಯ ಜೊತೆಗೆ ಈ ಕೆಲಸವನ್ನು ಹೊರುವ ಅಧ್ಯಾಪಕರ ಅವಧಿ ಸಾಮಾನ್ಯವಾಗಿ ಮೂರು ವರ್ಷ. ವರ್ಗಾವಣೆಯಾದರೆ ಅದಕ್ಕೂ ಮೊದಲೇ ಮುಗಿಯುತ್ತದೆ. ಅತಿಥಿ ಉಪನ್ಯಾಸಕರನ್ನೇ ಹೆಚ್ಚಾಗಿ ನೆಚ್ಚಿಕೊಂಡ ಕಾಲೇಜುಗಳಲ್ಲಿ ಕಾಯಂ ಅಧ್ಯಾಪಕರು ಬೆರಳೆಣಿಕೆಯಷ್ಟಿದ್ದು, ಪರೀಕ್ಷೆ, ಪ್ರವೇಶ, ವಿದ್ಯಾರ್ಥಿವೇತನಗಳ ಜವಾಬ್ದಾರಿಯೂ ಅವರದೇ ಆಗಿರುತ್ತದೆ. ಸ್ವಯಂಸೇವಕರಿಂದ ಎರಡು ವರ್ಷಗಳ ನಿರಂತರತೆಯನ್ನು ಬಯಸುವ ವ್ಯವಸ್ಥೆಯು ಅವರನ್ನು ನಡೆಸುವವರಿಗೆ ವಾರಕ್ಕೆ ಕೆಲವು ಬೋಧನಾ ಗಂಟೆಗಳ ವಿನಾಯಿತಿಯನ್ನು ಮೊದಲು ಕೊಡಬೇಕಾಗುತ್ತದೆ, ಮತ್ತು ಅಧಿಕಾರಿ ಬದಲಾದಾಗ ಯಾವ ಮಗು ಯಾರ ಜೊತೆಯಲ್ಲಿ ಎಲ್ಲಿಯವರೆಗೆ ಓದಿದೆ ಎಂಬ ದಾಖಲೆ ಮುಂದಿನವರ ಕೈಸೇರುವಂತೆ ನೋಡಿಕೊಳ್ಳಬೇಕಾಗುತ್ತದೆ.